ಶನಿವಾರದ ಅಡುಗೆಮನೆ

ಉದ್ಯಾವರದ ಕ್ಲಾರೆನ್ಸನಿಗೆ ನಾಲ್ಕು ಭಾಷೆ ಬರುತ್ತಿತ್ತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ನೆರೆಮನೆಯಲ್ಲಿ ಬ್ಯಾರಿ, ಪಂಚಾಯತ್ ಕಚೇರಿಯಲ್ಲಿ ಕನ್ನಡ. ಈ ನಾಲ್ಕರಲ್ಲಿ ಯಾವುದರಲ್ಲಿಯೂ ‘ಆಗುವುದಿಲ್ಲ’ ಎನ್ನಲು ಮಾತ್ರ ಅವನಿಂದ ಆಗುತ್ತಿರಲಿಲ್ಲ.

ಹೆದ್ದಾರಿಯ ಬದಿಯಲ್ಲಿ ಅವನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ. “ನಾಳೆಗೆ ಆಗಬಹುದಾ?” ಎಂದು ಹನ್ನೊಂದು ಜನ ಕೇಳಿದರೆ ಹನ್ನೊಂದು ಜನರಿಗೂ “ಆಗಬಹುದು” ಎನ್ನುತ್ತಿದ್ದ. ಮರುದಿನ ಆ ಹನ್ನೊಂದು ಜನರೂ ಬಂದು, ಅವನನ್ನು ಬೈದು, ಅವನದೇ ಲೆಕ್ಕದಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ಕ್ಲಾರೆನ್ಸ್ ಆರಡಿ ಎತ್ತರದ ಆಳು. ಬೈಯುವವರು ಕತ್ತೆತ್ತಿ ಬೈಯಬೇಕಾಗುತ್ತಿದ್ದುದರಿಂದ ಬೇಗ ಸುಸ್ತಾಗುತ್ತಿದ್ದರು ಎಂಬುದೊಂದೇ ಅವನಿಗಿದ್ದ ರಕ್ಷಣೆ.

ಹೆಂಡತಿ ಝೀಟಾ ಇಸ್ರೇಲಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಅವಳು ಕಳಿಸಿದ ಮೊದಲ ತಿಂಗಳ ಹಣ ಬ್ಯಾಂಕಿಗೆ ಬಂದದ್ದು ಸೋಮವಾರ. ಬುಧವಾರದ ಹೊತ್ತಿಗೆ ಕ್ಲಾರೆನ್ಸನ ಮನೆಗೆ ‘ಇಸ್ರೇಲಿನವರ ಮನೆ’ ಎಂದು ಹೆಸರು ಬಿದ್ದಾಗಿತ್ತು. ಶುಕ್ರವಾರ ಮೊದಲ ರಶೀದಿ ಪುಸ್ತಕ ಅಂಗಳಕ್ಕೆ ಬಂತು.

ರಶೀದಿ ಪುಸ್ತಕಗಳಿಗೆ ಒಂದು ಮೂಗು ಇರುತ್ತದೆ. ವಿದೇಶದ ಹಣ ಯಾವ ಮನೆಯಲ್ಲಿ ಎಷ್ಟು ದಿನದಿಂದ ಕೂತಿದೆ ಎಂಬುದು ಅದಕ್ಕೆ ದೂರದಿಂದಲೇ ತಿಳಿಯುತ್ತದೆ. ಯುವಕ ಮಂಡಲದವರು ಬಂದರು.

“ಕ್ಲಾರೆನ್ಸಣ್ಣ, ಸಭಾಭವನಕ್ಕೆ ಫ್ಯಾನ್ ಹಾಕುವುದು ಅಂತ ಉಂಟು. ನಿಮ್ಮ ಹೆಸರಲ್ಲಿ ಒಂದು ಬರೆಯುವುದಾ?”

“ನನ್ನ ಹೆಸರು ಬೇಡ ಮಾರಾಯ.”

ಬಂದವರಿಗೆ ಗಾಬರಿಯಾಯಿತು. ಕ್ಲಾರೆನ್ಸ್ ‘ಬೇಡ’ ಎಂದದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

“ಝೀಟಾಳ ಹೆಸರು ಬರಿ,” ಎಂದ ಅವನು.

ಹಾಗೆ ಶುರುವಾಯಿತು. ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ‘ಝೀಟಾ, ಇಸ್ರೇಲ್’ ಎಂದು ಬರೆಸಿದರು. ಫ್ಯಾನು ತಿರುಗುವಾಗ ಹೆಸರು ಕಾಣುತ್ತಿರಲಿಲ್ಲ. ಸಭೆಯಲ್ಲಿ ಎಲ್ಲರೂ ಗಾಳಿ ಬಯಸಿದರೆ ಕ್ಲಾರೆನ್ಸ್ ಒಬ್ಬ ಕರೆಂಟು ಹೋಗುವುದನ್ನು ಕಾಯುತ್ತ ಕೂರುತ್ತಿದ್ದ. ಆಮೇಲೆ ಬಸ್‌ಸ್ಟಾಂಡಿನ ಸಿಮೆಂಟು ಬೆಂಚು, ಶಾಲೆಯ ನೀರಿನ ಫಿಲ್ಟರು, ಭಜನಾ ಮಂದಿರದ ಛಾವಣಿಗೆ ಎರಡು ಶೀಟು, ಚರ್ಚಿನ ಹಬ್ಬದ ಬ್ಯಾಂಡಿನವರ ಊಟ, ಕ್ರಿಕೆಟ್ ಪಂದ್ಯಾಟದ ದ್ವಿತೀಯ ಬಹುಮಾನ. ಕೊಡುವುದರಲ್ಲಿ ಅವನಿಗೆ ಹೆಮ್ಮೆಯೇನೂ ಇರಲಿಲ್ಲ. ಊರಿನಲ್ಲಿ ಇಲ್ಲದವಳ ಹೆಸರಾದರೂ ಊರಿನಲ್ಲಿ ಓಡಾಡಿಕೊಂಡಿರಲಿ ಎಂಬಷ್ಟೇ ಅವನ ಆಸೆ.

ಆದರೆ ಈಸ್ಟರ್ ಕಳೆದ ಮೇಲೆ ಬಂದ ದೊಡ್ಡ ಮೊತ್ತ ಹಾಗೆ ಓಡಾಡಲಿಕ್ಕಾಗಿ ಬಂದದ್ದಲ್ಲ. ಝೀಟಾ ಫೋನಿನಲ್ಲಿ ಬಿಡಿಸಿ ಹೇಳಿದ್ದಳು: “ಇದು ಅಡುಗೆಮನೆಗೆ. ಇಪ್ಪತ್ತು ವರ್ಷ ಆ ಮಸಿ ಒಲೆಯ ಎದುರು ಬಗ್ಗಿ ಬಗ್ಗಿ ನನ್ನ ಬೆನ್ನು ಹೋಯಿತು. ಕಪ್ಪು ಗ್ರಾನೈಟ್, ಗೋಡೆಗೆ ಟೈಲ್ಸ್, ನಲ್ಲಿ ತಿರುಗಿಸಿದರೆ ನೀರು. ಇಷ್ಟೇ ನನಗೆ ಬೇಕಾದ್ದು. ಬೇರೆ ಎಂತದಕ್ಕೂ ಮುಟ್ಟಬೇಡ, ಆಯ್ತಾ?”

“ಆಯ್ತು,” ಎಂದಿದ್ದ ಕ್ಲಾರೆನ್ಸ್. ಅವನು ಎಲ್ಲರಿಗೂ ಹೇಳುವುದೂ ಅದನ್ನೇ. ಎರಡು ಮಳೆಗಾಲದ ನಡುವೆ ಅಡುಗೆಮನೆಯ ಹಣ ಬೆಂಚಾಗಿ, ಶೀಟಾಗಿ, ಬಹುಮಾನವಾಗಿ ಊರಿನ ಮೂಲೆ ಮೂಲೆಯಲ್ಲಿ ಹೋಗಿ ಕೂತಿತು. ಮಸಿ ಒಲೆ ಇದ್ದಲ್ಲೇ ಇತ್ತು.

*

ಕ್ಲಾರೆನ್ಸನ ಹಿತ್ತಿಲಿಗೆ ತಾಗಿ ಬಶೀರನ ಮನೆ. ಎರಡೂ ಮನೆಗೆ ನಡುವೆ ಒಂದೇ ಬಾವಿ. ಬಶೀರ್ ದಮ್ಮಾಮಿನಲ್ಲಿ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಅವನ ಹೆಂಡತಿ ಜುಮಾನಾ ಮತ್ತು ತಾಯಿ ಆಸಿಯಮ್ಮ. ಝೀಟಾ ಹೋದ ಮೇಲೆ ದಮ್ಮಾಮಿನ ಹಣದಲ್ಲಿ ಹೊಸದಾಗಿ ಕಟ್ಟಿದ ಆ ಮನೆಯಲ್ಲಿ ಅಡುಗೆಮನೆಗಳು ಎರಡು. ಒಂದು ನೋಡಲಿಕ್ಕೆ, ಒಂದು ಬೇಯಿಸಲಿಕ್ಕೆ. ನೋಡುವ ಅಡುಗೆಮನೆಯಲ್ಲಿ ಕನ್ನಡಿಯಂಥ ಕಪ್ಪು ಗ್ರಾನೈಟಿನ ಕಟ್ಟೆ, ದ್ರಾಕ್ಷಿ ಗೊಂಚಲಿನ ಚಿತ್ರದ ಟೈಲ್ಸು, ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆಯದ ಹೊಗೆಯ ಚಿಮಣಿ. ಬೇಯಿಸುವ ಅಡುಗೆಮನೆ ಹೊರಗೆ, ತಗಡಿನ ಮಾಡಿನ ಅಡಿಯಲ್ಲಿ. ಮೀನು ಹುರಿಯುವುದರಿಂದ ಹಿಡಿದು ಹಾಲು ಕಾಯಿಸುವವರೆಗೆ ಎಲ್ಲವೂ ಅಲ್ಲಿಯೇ. ಒಳಗಿನದನ್ನು ದಿನಕ್ಕೊಮ್ಮೆ ಒರೆಸುತ್ತಿದ್ದರು. ಯಾಕೆ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಗಲ್ಫಿನ ಮನೆಗಳೆಲ್ಲ ಹೀಗೆಯೇ.

ಒಂದು ಶನಿವಾರ ಮಧ್ಯಾಹ್ನ ಜುಮಾನಾಳ ಮಿಕ್ಸಿ ಕೆಟ್ಟಿತ್ತು. ಕ್ಲಾರೆನ್ಸ್ ಆ ಗ್ರಾನೈಟಿನ ಮೇಲೆ ಪೇಪರ್ ಹಾಸಿ ಮಿಕ್ಸಿಯ ಹೊಟ್ಟೆ ಬಿಚ್ಚಿಟ್ಟಿದ್ದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಇಸ್ರೇಲಿನಲ್ಲಿ ಆಗ ಅಜ್ಜಿ ಮಧ್ಯಾಹ್ನದ ಊಟ ಮಾಡಿ ಮಲಗುವ ಹೊತ್ತು. ಶನಿವಾರ ನಾಲ್ಕೂವರೆಗೆ ಝೀಟಾ ತಪ್ಪದೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಕ್ಲಾರೆನ್ಸ್ ಗ್ರೀಸಿನ ಬೆರಳಿನಲ್ಲಿ ಒತ್ತಿದ.

“ಕ್ಲಾರೆನ್ಸ್! ನಿನ್ನ ಹಿಂದೆ ಎಂತದು ಅದು?”

ಹಾವು ಗೀವು ಇರಬಹುದೆಂದು ಅವನು ಹಾರಿ ತಿರುಗಿ ನೋಡಿದ. “ಗೋಡೆ.”

“ಗೋಡೆ ಅಂತ ನನಗೂ ಕಾಣ್ತದೆ ಮಾರಾಯ. ಟೈಲ್ಸ್! ದ್ರಾಕ್ಷಿಯದ್ದು! ಫೋನ್ ಸ್ವಲ್ಪ ಕೆಳಗೆ ಮಾಡು... ಯೇಸುವೇ, ಕಪ್ಪು ಗ್ರಾನೈಟ್! ನನಗೆ ಒಂದು ಮಾತು ಹೇಳದೆ ಮಾಡಿಸಿದ್ದಾ? ನಾನು ಬಂದಾಗ ತೋರಿಸುವುದು ಅಂತ ಅಡಗಿಸಿ ಇಟ್ಟದ್ದಾ?”

ಜುಮಾನಾ ಮಿಕ್ಸಿಯ ಜಾರು ಹಿಡಿದು ಫೋನಿಗೆ ಕಾಣದ ಮೂಲೆಯಲ್ಲಿ ನಿಂತಿದ್ದಳು. ಕ್ಲಾರೆನ್ಸ್ ಅವಳನ್ನು ನೋಡಿದ. ಅವಳು ಕ್ಲಾರೆನ್ಸನನ್ನು ನೋಡಿದಳು. ಇಲ್ಲಿ ಹೇಳಬೇಕಾದ್ದು ಒಂದೇ ಶಬ್ದ. ಆ ಶಬ್ದ ಅವನ ಬಳಿ ಇರಲಿಲ್ಲ ಎಂಬುದು ನಮಗೆ ಈಗಾಗಲೇ ಗೊತ್ತಿದೆ.

“ಅದು... ಹೂಂ,” ಎಂದ.

ಫೋನಿನೊಳಗೆ ಝೀಟಾ ಅಳಲು ಶುರುಮಾಡಿದಳು. ಅಂಗೈಯಗಲದ ಮುಖ, ಅದರ ತುಂಬ ಕಣ್ಣೀರು, ಅದರ ನಡುವೆ ನಗು. “ನಲ್ಲಿ ತಿರುಗಿಸು, ನೋಡುವ,” ಎಂದಳು. ಅವನು ತಿರುಗಿಸಿದ. ಬಶೀರನ ಟ್ಯಾಂಕಿಯ ನೀರು ಜೋರಾಗಿ ಬಂತು.

ಫೋನು ಇಟ್ಟ ಮೇಲೆ ಜುಮಾನಾ ಹೇಳಿದಳು: “ಕ್ಲಾರೆನ್ಸಣ್ಣ, ಮುಂದಿನ ಶನಿವಾರ ಎಂತ ಮಾಡ್ತೀರಿ?”

“ಮಿಕ್ಸಿಯಲ್ಲಿ ಇನ್ನೂ ಸ್ವಲ್ಪ ಕೆಲಸ ಉಂಟು,” ಎಂದ ಕ್ಲಾರೆನ್ಸ್.

*

ಆ ಮಿಕ್ಸಿಯ ಕೆಲಸ ಏಳು ತಿಂಗಳು ನಡೆಯಿತು.

ಪ್ರತಿ ಶನಿವಾರ ನಾಲ್ಕು ಗಂಟೆಗೆ ಕ್ಲಾರೆನ್ಸ್ ಸ್ನಾನ ಮಾಡಿ, ಬಾವಿಕಟ್ಟೆ ದಾಟಿ, ಹಿಂಬಾಗಿಲಿನಿಂದ ಬಶೀರನ ಅಡುಗೆಮನೆಗೆ ಹಾಜರಾಗುತ್ತಿದ್ದ. ಜುಮಾನಾ ಮಸೀದಿಯ ಕ್ಯಾಲೆಂಡರಿನ ಮೇಲೆ ಚರ್ಚಿನ ಕ್ಯಾಲೆಂಡರು ತೂಗುಹಾಕಿ ಹೊರಗೆ ಹೋಗುತ್ತಿದ್ದಳು. ಝೀಟಾ ಅರ್ಧ ಗಂಟೆ ಅಡುಗೆಮನೆ ನೋಡುತ್ತಿದ್ದಳು. ಡ್ರಾಯರುಗಳನ್ನು ಒಂದೊಂದಾಗಿ ತೆಗೆಸುತ್ತಿದ್ದಳು. ಚಮಚ ಯಾವುದರಲ್ಲಿ, ಚಹಾಪುಡಿ ಯಾವುದರಲ್ಲಿ, ಎಲ್ಲ ಕೇಳುತ್ತಿದ್ದಳು. ಕ್ಲಾರೆನ್ಸ್ ಯಾರದೋ ಚಮಚಗಳನ್ನು ತನ್ನವೆಂಬಂತೆ ಎತ್ತಿ ತೋರಿಸುತ್ತಿದ್ದ.

ಮೂರನೆಯ ಶನಿವಾರ ಆಸಿಯಮ್ಮ ಕಪಾಟಿನಲ್ಲಿಟ್ಟ ತನ್ನ ಮಂಡಿನೋವಿನ ಎಣ್ಣೆ ಹುಡುಕುತ್ತ ಸೀದಾ ಒಳಗೆ ಬಂದರು. ಎಪ್ಪತ್ತು ದಾಟಿದ ಮುದುಕಿ. ತನ್ನ ಮನೆಯಲ್ಲಿ ತಾನು ಎಲ್ಲಿ ಬೇಕಾದರೂ ಹೋಗಬಹುದು ಎಂಬ ಹಳೆಯ ನಂಬಿಕೆ.

“ಅದು ಯಾರು ಹಿಂದೆ? ಆಸಿಯಮ್ಮ ಅಲ್ವಾ?” ಎಂದಳು ಝೀಟಾ.

“ಹೌದು, ಅವರು...” ಕ್ಲಾರೆನ್ಸನ ಕಣ್ಣು ಕಪಾಟಿನ ಮೇಲೆಲ್ಲ ಓಡಿತು. “ಉಪ್ಪು ಕೇಳಲಿಕ್ಕೆ ಬಂದದ್ದು.”

ಆಸಿಯಮ್ಮ ನಿಂತಲ್ಲೇ ನಿಂತರು. ಫೋನು ನೋಡಿದರು, ಕ್ಲಾರೆನ್ಸನ ಬೆವರು ನೋಡಿದರು. ಸೊಸೆ ಬಾಗಿಲಿನ ಸಂದಿಯಿಂದ ಕೈಮುಗಿಯುತ್ತಿದ್ದುದನ್ನೂ ನೋಡಿದರು.

“ಹೌದಪ್ಪ ಕ್ಲಾರೆನ್ಸ್,” ಎಂದರು, ಸೆರಗು ಎಳೆದುಕೊಂಡು. “ನಮ್ಮಲ್ಲಿ ಉಪ್ಪು ಮುಗಿದಿದೆ. ಒಂದು ಹಿಡಿ ಕೊಡುತ್ತೀಯಾ?”

ಕ್ಲಾರೆನ್ಸ್ ಅವರದೇ ಭರಣಿಯಿಂದ ಅವರದೇ ಉಪ್ಪು ತೆಗೆದು ಅವರ ಕೈಗೆ ಹಾಕಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಸಿಯಮ್ಮನಿಗೆ ಪಾತ್ರ ಹಿಡಿಸಿಬಿಟ್ಟಿತು.

“ಹುಳಿ ಉಂಟಾ? ಸ್ವಲ್ಪ ಹುಳಿಯೂ ಕೊಡು. ದೇವರು ನಿನ್ನ ಅಡುಗೆಮನೆ ತುಂಬಿಸಲಿ.”

ಮರುವಾರ ಮೆಣಸಿಗೆ ಬಂದರು. ಅದರ ಮರುವಾರ ಸಕ್ಕರೆಗೆ. ಐದನೆಯ ವಾರ ಝೀಟಾಳ ತಾಳ್ಮೆ ತಪ್ಪಿತು. “ಎಂತ ಕ್ಲಾರೆನ್ಸ್ ಇದು, ಮಗ ದಮ್ಮಾಮಿನಲ್ಲಿ ದುಡಿಯುತ್ತಾನೆ, ಇವರು ಪ್ರತಿ ವಾರ ನಮ್ಮ ಮನೆಯ ಡಬ್ಬಿ ಖಾಲಿ ಮಾಡುವುದಾ? ನಾಚಿಕೆ ಇಲ್ವಾ? ಹಿಂಬಾಗಿಲು ಹಾಕಿ ಇಡು ನೀನು.”

ಬಾಗಿಲ ಹಿಂದೆ ಇದ್ದ ಆಸಿಯಮ್ಮ ಇದನ್ನು ಕೇಳಿಸಿಕೊಂಡರು. ಆ ದಿನ ಸಂಜೆ ಬಾವಿಕಟ್ಟೆಯಲ್ಲಿ ದೊಡ್ಡ ಪಂಚಾಯಿತಿ.

“ನಾನು! ಕೇಳು ಜುಮಾನಾ, ನಾನು! ನನ್ನ ಗಂಡ ಕಾಸಿಂ ಇರುವಾಗ ಈ ಬಾವಿಯಿಂದ ಆಚೆ ಹತ್ತು ಮನೆಗೆ ಅಕ್ಕಿ ಹೋಗುತ್ತಿದ್ದದ್ದು ನನ್ನ ಸೇರಿನಿಂದ. ಈಗ ನಾನು ಉಪ್ಪು ಬೇಡುವವಳು ಅಂತ ಇಸ್ರೇಲಿನವರೆಗೆ ಸುದ್ದಿ!”

“ಆಸಿಯಮ್ಮ, ತಪ್ಪಾಯಿತು,” ಎಂದ ಕ್ಲಾರೆನ್ಸ್. “ನಾನು ಝೀಟಾಳಿಗೆ ಹೇಳಿಬಿಡುತ್ತೇನೆ.”

“ಹೇಳುವುದು ಬೇಡ,” ಎಂದರು ಆಸಿಯಮ್ಮ. “ಆ ಹುಡುಗಿ ಅಲ್ಲಿ ಯಾರದೋ ತಾಯಿಯ ಕಾಲು ತೊಳೆಯುತ್ತಿದೆ. ಅದರ ಕಣ್ಣಿಗೆ ಅರ್ಧ ಗಂಟೆ ಒಂದು ಚಂದ ಇರಲಿ. ನನ್ನ ಮರ್ಯಾದೆ ನಾನೇ ವಾಪಸು ತೆಗೆದುಕೊಳ್ಳುತ್ತೇನೆ.”

ಮುಂದಿನ ಶನಿವಾರ ಅವರು ಹೊರಗಿನ ತಗಡಿನ ಅಡುಗೆಮನೆಯಲ್ಲಿ ತುಪ್ಪದ ಅನ್ನ, ಕೋಳಿಸಾರು ಮಾಡಿ, ಹರಿವಾಣದಲ್ಲಿ ಹೊತ್ತು, ಬುರ್ಕಾ ಹಾಕಿಕೊಂಡು, ಮನೆಯ ಸುತ್ತ ಒಂದು ಸುತ್ತು ಬಂದು, ಹಿಂಬಾಗಿಲು ತಟ್ಟಿ ತನ್ನ ಅಡುಗೆಮನೆಯೊಳಗೆ ಬಂದರು.

“ಝೀಟಾ ಬಾಯಿ, ಇಗೋ, ನಿಮ್ಮ ಉಪ್ಪಿನ ಋಣ ನಾನು ಇಟ್ಟುಕೊಳ್ಳುವವಳಲ್ಲ,” ಎಂದು ಹರಿವಾಣ ಗ್ರಾನೈಟಿನ ಮೇಲೆ ಕುಟ್ಟಿದರು.

*

ಸಂತೋಷ ಎಂಬುದನ್ನು ಫೋನಿನೊಳಗೆ ಮುಚ್ಚಿಡಲು ಆಗುವುದಿಲ್ಲ. ಝೀಟಾ ಅಡುಗೆಮನೆಯ ಚಿತ್ರ ಹಿಡಿದು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಮೂರನೆಯ ದಿನ ಪಂಚಾಯತಿನ ಬಿಲ್ ಕಲೆಕ್ಟರ್ ಸ್ವರ್ಣಲತಾ ಛತ್ರಿ, ಕೈಚೀಲ ಸಮೇತ ಅಂಗಳದಲ್ಲಿ ನಿಂತಿದ್ದರು.

“ಕ್ಲಾರೆನ್ಸ್ ಪರ್ಬುಗಳೇ, ಹೊಸ ಅಡುಗೆಮನೆ ಕಟ್ಟಿದ್ದೀರಂತೆ. ಅರ್ಜಿ ಕೊಟ್ಟಿಲ್ಲ, ಪರವಾನಗಿ ಇಲ್ಲ. ತೆರಿಗೆ ಪರಿಷ್ಕರಣೆ ಮಾಡಬೇಕಾಗುತ್ತದೆ.”

“ಮಾಡಿ,” ಎಂದ ಕ್ಲಾರೆನ್ಸ್.

“ಎಲ್ಲಿ ಉಂಟು, ನೋಡಬೇಕಿತ್ತು.”

ಕ್ಲಾರೆನ್ಸ್ ಅವರನ್ನು ಒಳಗೆ ಕರೆದೊಯ್ದ. ಮಸಿ ಹಿಡಿದ ಗೋಡೆ, ಮಣ್ಣಿನ ಒಲೆ, ಮೂಲೆಯಲ್ಲಿ ಒಂದು ಬೆಕ್ಕು. ಸ್ವರ್ಣಲತಾ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

“ಇದು ಹಳೆಯದಲ್ವಾ?”

“ಹೌದು.”

“ಹೊಸದು?”

“ಅದು... ಆಗುತ್ತದೆ. ನೀವು ತೆರಿಗೆ ಬರೆಯಿರಿ ಮೇಡಂ. ನಾನು ಈಗಲೇ ಹಣ ಕಟ್ಟುತ್ತೇನೆ. ಝೀಟಾಳಿಗೆ ಮಾತ್ರ ಫೋನ್ ಮಾಡಿ ಕೇಳಬೇಡಿ.”

ಸ್ವರ್ಣಲತಾ ಇಪ್ಪತ್ತಾರು ವರ್ಷದಿಂದ ತೆರಿಗೆ ವಸೂಲಿ ಮಾಡುತ್ತಿದ್ದರು. ಇರುವ ಕೋಣೆಯನ್ನು ಇಲ್ಲ ಎಂದವರನ್ನು ಕಂಡಿದ್ದರು, ಎರಡು ಮಹಡಿಯನ್ನು ಕೋಳಿಗೂಡು ಎಂದು ಬರೆಸಿದವರನ್ನೂ ಕಂಡಿದ್ದರು. ಇಲ್ಲದ ಅಡುಗೆಮನೆಗೆ ತೆರಿಗೆ ಹಾಕಿ ಎಂದು ಅಂಗಲಾಚುವ ನಾಗರಿಕ ಅವರ ಸೇವಾವಧಿಯಲ್ಲಿ ಇವನೊಬ್ಬನೇ.

“ಇಲ್ಲದ್ದಕ್ಕೆ ತೆರಿಗೆ ಹಾಕಲಿಕ್ಕೆ ನಮ್ಮಲ್ಲಿ ಕಾಲಮ್ಮು ಇಲ್ಲ ಪರ್ಬುಗಳೇ,” ಎಂದರು ಮೃದುವಾಗಿ. ಹೊರಟವರು ಮೆಟ್ಟಿಲಲ್ಲಿ ನಿಂತರು. “ಇಷ್ಟು ಮನಸ್ಸು ಉಂಟು ಅಂತಾದರೆ, ನಮ್ಮ ಮಹಿಳಾ ಮಂಡಲದ ರಶೀದಿ ಪುಸ್ತಕವೊಂದು ಚೀಲದಲ್ಲಿ ಉಂಟು.”

ಅದಕ್ಕೂ ಝೀಟಾಳ ಹೆಸರೇ ಬಿತ್ತು.

ಸ್ಟೇಟಸ್ ನೋಡಿದ ಎರಡನೆಯ ಮನುಷ್ಯ ಝೀಟಾಳ ಅಣ್ಣ, ಕಾರ್ಕಳದ ಲಿಗೋರಿ. ಕಲ್ಲುಕೋರೆಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದ ಲಿಗೋರಿ ನೋಡದೆ ಯಾವುದನ್ನೂ ನಂಬುವವನಲ್ಲ, ನೋಡಿದ ಮೇಲೆ ಯಾವುದನ್ನೂ ಅನುಮಾನಿಸುವವನಲ್ಲ. ಒಂದು ಮಧ್ಯಾಹ್ನ ಹೇಳದೆ ಕೇಳದೆ ತನ್ನ ಓಮ್ನಿಯಲ್ಲಿ ಬಂದಿಳಿದ.

“ಭಾವ, ಅಡುಗೆಮನೆ ತೋರಿಸು. ಊಟವೂ ಅಲ್ಲೇ ಮಾಡುವ.”

“ಆಗಬಹುದು,” ಎಂದ ಕ್ಲಾರೆನ್ಸನ ಬಾಯಿ, ಕ್ಲಾರೆನ್ಸನನ್ನು ಕೇಳದೆ.

ಬಾವಿಯ ಬಳಿ ಬಟ್ಟೆ ಒಗೆಯುತ್ತಿದ್ದ ಜುಮಾನಾ ಅಷ್ಟು ಕೇಳಿದ್ದೇ ಸೋಪು ಬಿಟ್ಟು ಒಳಗೆ ಓಡಿದಳು. ಐದು ನಿಮಿಷ ಬಿಟ್ಟು ಕ್ಲಾರೆನ್ಸ್ ಲಿಗೋರಿಯನ್ನು ಹಿತ್ತಿಲಿನಿಂದ ಕರೆದೊಯ್ದ. “ಮೀನಿನ ವಾಸನೆ ಚಾವಡಿಗೆ ಬರಬಾರದು ಅಂತ ಸ್ವಲ್ಪ ದೂರ ಮಾಡಿಸಿದ್ದು,” ಎಂದ.

“ಬುದ್ಧಿವಂತ ನೀನು,” ಎಂದ ಲಿಗೋರಿ. “ಬಾವಿಯಿಂದ ಆಚೆ ನಿನ್ನ ಜಾಗ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ.”

ಮನೆಯೊಳಗಿನ ಬಾಗಿಲಿಗೆ ಒಳಗಿನಿಂದ ಚಿಲಕ. ಅದರ ಹಿಂದೆ ಅತ್ತೆ ಸೊಸೆ ಉಸಿರು ಬಿಗಿಹಿಡಿದು ಕೂತಿದ್ದರು. ಕಟ್ಟೆಯ ಮೇಲೆ ಆಸಿಯಮ್ಮ ತನಗೆಂದು ಮಾಡಿದ್ದ ಕೋಳಿಸಾರು ಬಿಸಿಯಾಗಿ ಕಾದಿತ್ತು. ಲಿಗೋರಿ ಎರಡು ಸಲ ಅನ್ನ ಬಡಿಸಿಕೊಂಡ. ಮೂರನೆಯದಕ್ಕೆ ಕೈ ಹಾಕುವಾಗ, ಫೋನಿಗೆ ಎಂದೂ ಕಾಣದ ಗೋಡೆಯ ಮೇಲಿದ್ದ ಮಸೀದಿ ಆಕಾರದ ಗಡಿಯಾರ ಗಟ್ಟಿಯಾಗಿ ಬಾಂಗ್ ಕೂಗಿತು. ಬಶೀರ್ ತಂದುಕೊಟ್ಟ ಗಡಿಯಾರ. ದಿನಕ್ಕೆ ಐದು ಸಲ ತಪ್ಪದೆ ಕೂಗುತ್ತಿತ್ತು.

ಲಿಗೋರಿಯ ಕೈ ಗಾಳಿಯಲ್ಲಿ ನಿಂತಿತು. “ಇದೆಂತ ಭಾವ?”

“ಝೀಟಾ ಕಳಿಸಿದ್ದು,” ಎಂದ ಕ್ಲಾರೆನ್ಸ್, ಕಣ್ಣು ಮುಚ್ಚಿಕೊಂಡು. “ಜೆರುಸಲೇಮಿನಿಂದ.”

ಲಿಗೋರಿ ಎಂಜಲು ಕೈಯನ್ನು ಹಿಂದಕ್ಕಿಟ್ಟುಕೊಂಡು ಎದ್ದು, ಬಾಂಗ್ ಮುಗಿಯುವವರೆಗೆ ತಲೆತಗ್ಗಿಸಿ ನಿಂತ. “ಪುಣ್ಯಭೂಮಿ,” ಎಂದು ಉಸುರಿ ಎಡಗೈಯಲ್ಲಿ ಕಣ್ಣೊರೆಸಿಕೊಂಡ.

ಅವನು ಹೋದ ಮೇಲೆ ಆಸಿಯಮ್ಮ ಖಾಲಿ ಪಾತ್ರೆ ನೋಡುತ್ತ ಹೇಳಿದರು: “ಕೋಳಿ ಹೋದರೆ ಹೋಗಲಿ. ಬಾಂಗ್ ಕೇಳಿ ನಮ್ಮ ಬಶೀರ್ ಕೂಡ ಹಾಗೆ ಎದ್ದು ನಿಂತದ್ದಿಲ್ಲ.”

*

ಝೀಟಾಳಿಗೆ ಇಪ್ಪತ್ತೆಂಟು ದಿನದ ರಜೆ ಸಿಕ್ಕಿತು. ಇನ್ನು ಎರಡು ತಿಂಗಳು. ಕ್ಲಾರೆನ್ಸನಿಗೆ ಅನ್ನ ಇಳಿಯಲಿಲ್ಲ. ಬೇರೆ ಎಲ್ಲವೂ ಹೇಗೋ ದಾಟಬಹುದಿತ್ತು. ಆದರೆ ನಾಲ್ಕು ವರ್ಷದ ಮೇಲೆ ಬರುವವಳು, ತಾನು ನೋಡಿ ನೋಡಿ ಬದುಕಿದ ಅಡುಗೆಮನೆಗೆ ಕಾಲಿಡಲು ಹೋಗಿ ಆ ಬೆಕ್ಕಿನ ಎದುರು ನಿಂತರೆ? ಶನಿವಾರ ಹೇಳಿಯೇಬಿಡುವುದೆಂದು ನಿರ್ಧರಿಸಿದ. ಕನ್ನಡಿಯ ಎದುರು ಅಭ್ಯಾಸ ಮಾಡಿದ: “ಝೀಟಾ, ಅಡುಗೆಮನೆ ಇಲ್ಲ.” ಕನ್ನಡಿಯೊಳಗಿನವನೇ ನಂಬಲಿಲ್ಲ.

ನಾಲ್ಕೂವರೆಗೆ ಫೋನು ಬಂತು. “ಝೀಟಾ, ನಾನು ಒಂದು ವಿಷಯ...” ಎನ್ನುವಷ್ಟರಲ್ಲಿ ಫೋನಿನೊಳಗೆ ಉದ್ದಕ್ಕೆ ಸೈರನ್ ಕೂಗತೊಡಗಿತು. ಚಿತ್ರ ಅಡಿಮೇಲಾಯಿತು. ಗಾಲಿಕುರ್ಚಿಯ ಚಕ್ರ, ಒಂದು ಕಬ್ಬಿಣದ ಬಾಗಿಲು, ಅಜ್ಜಿಯ ಬಿಳಿ ತಲೆ ಕಂಡವು. ಮತ್ತೆ ಝೀಟಾಳ ಮುಖ ಬಂತು, ಅರೆಬೆಳಕಿನಲ್ಲಿ.

“ಗಟ್ಟಿ ಕೋಣೆಗೆ ಬಂದೆವು. ರಾಕೆಟ್ ಬಿದ್ದರೂ ಇಲ್ಲಿ ಎಂತ ಆಗುವುದಿಲ್ಲ, ಹೆದರಬೇಡ. ಸ್ವಲ್ಪ ಹೊತ್ತು ಇಲ್ಲೇ ಇರಬೇಕು.” ಅಜ್ಜಿಯ ಕುರ್ಚಿಯನ್ನು ಗೋಡೆಯ ಬದಿಗೆ ಸರಿಸಿದಳು. “ಕ್ಲಾರೆನ್ಸ್, ಅಡುಗೆಮನೆ ತೋರಿಸು. ಮಾತಾಡುವುದು ಬೇಡ. ಏನಾದರೂ ಕೆಲಸ ಮಾಡುತ್ತಾ ಇರು, ನಾನು ನೋಡ್ತಾ ಇರ್ತೇನೆ.”

ಕ್ಲಾರೆನ್ಸ್ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಸುತ್ತ ನೋಡಿದ. ಬುಟ್ಟಿಯಲ್ಲಿ ನೀರುಳ್ಳಿ ಇತ್ತು. ಅವನು ನೀರುಳ್ಳಿ ಕೊಚ್ಚತೊಡಗಿದ. ಒಂದು, ಎರಡು, ಐದು. ಜುಮಾನಾ ಬಾಗಿಲಿನಿಂದ ಇಣುಕಿದವಳು ಸದ್ದಿಲ್ಲದೆ ಇನ್ನಷ್ಟು ನೀರುಳ್ಳಿ ಸಿಪ್ಪೆ ಸುಲಿದು ಕಟ್ಟೆಯ ಕೊನೆಯಲ್ಲಿ ಇಟ್ಟಳು. ಆಸಿಯಮ್ಮ ಹೊಸ್ತಿಲಲ್ಲಿ ಕೂತು ಜಪಮಣಿ ಎಣಿಸಿದರು. ಫೋನಿನಲ್ಲಿ ಎಲ್ಲೋ ದೂರ ಗುಡುಗಿದಂತಾಯಿತು. ಕತ್ತಿ ಒಮ್ಮೆ ನಿಂತು ಮತ್ತೆ ನಡೆಯಿತು. ಕ್ಲಾರೆನ್ಸನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ನೀರುಳ್ಳಿ ಎಂಬುದು ಗಂಡಸರಿಗೆ ದೇವರು ಮಾಡಿಕೊಟ್ಟ ಅನುಕೂಲ.

“ಸಣ್ಣ ಕೊಚ್ಚು ಮಾರಾಯ,” ಎಂದಳು ಝೀಟಾ ಬಹಳ ಹೊತ್ತಿನ ಮೇಲೆ. “ಅದೆಂತ ದನಕ್ಕೆ ಹಾಕುವುದಾ?”

ಹೊರಗೆ ಬರಬಹುದು ಎಂದು ಅಲ್ಲಿ ಹೇಳಿದಾಗ ಇಲ್ಲಿ ಹತ್ತೊಂಬತ್ತು ನೀರುಳ್ಳಿ ಕೊಚ್ಚಿಯಾಗಿತ್ತು. ಆ ವಾರವಿಡೀ ಎರಡೂ ಮನೆಯಲ್ಲಿ ಎಣ್ಣೆಯಲ್ಲಿ ಕರಿದ ನೀರುಳ್ಳಿ ಬಜೆ. ಹೇಳಬೇಕೆಂದುಕೊಂಡದ್ದನ್ನು ಕ್ಲಾರೆನ್ಸ್ ಹೇಳಲಿಲ್ಲ. ಮುಂದಿನ ಶನಿವಾರವೂ ಹೇಳಲಿಲ್ಲ.

*

ಮಂಗಳೂರು ವಿಮಾನ ನಿಲ್ದಾಣದಿಂದ ಅವಳನ್ನು ಕರೆತರಲು ಲಿಗೋರಿಯ ಓಮ್ನಿಯೇ ಹೋಯಿತು. ದಾರಿಯುದ್ದಕ್ಕೂ ಲಿಗೋರಿ ಬಾಯಿ ಮುಚ್ಚಲಿಲ್ಲ.

“ಏನು ಅಡುಗೆಮನೆ ಝೀಟಾ! ನಾನು ಅಲ್ಲಿ ಊಟ ಮಾಡಿದ್ದೇನೆ. ಗ್ರಾನೈಟಿನಲ್ಲಿ ನನ್ನ ಮುಖ ಕಂಡಿತು. ನಿನ್ನ ಗಂಡ ಮಾತಾಡದಿದ್ದರೂ ಕೆಲಸದಲ್ಲಿ...”

“ಝೀಟಾ,” ಎಂದ ಹಿಂದಿನ ಸೀಟಿನಿಂದ ಕ್ಲಾರೆನ್ಸ್. ಗಾಡಿ ಆಗ ಕಾಪು ಸಮೀಪಿಸುತ್ತಿತ್ತು. “ಅಡುಗೆಮನೆ ಇಲ್ಲ.”

ಲಿಗೋರಿ ಬ್ರೇಕ್ ಒತ್ತಿದ. ಹಿಂದಿನ ಬಸ್ಸಿನವನು ಬೈದು ಮುಂದೆ ಹೋದ.

“ಇಲ್ಲ ಅಂದರೆ? ನಾನು ತಿಂದದ್ದು?”

“ಅದು ಬಶೀರನ ಅಡುಗೆಮನೆ.”

“ಕೋಳಿ?”

“ಆಸಿಯಮ್ಮನದ್ದು.”

“ಗಡಿಯಾರ?” ಎಂದು ಕೇಳಿದ ಲಿಗೋರಿ, ಸಣ್ಣ ದನಿಯಲ್ಲಿ. ಅವನು ಗಾಡಿಯನ್ನು ಬದಿಗೆ ಹಾಕಿ, “ನನಗೊಂದು ಬೊಂಡ ಕುಡಿಯಬೇಕು,” ಎಂದು ಇಳಿದು ಹೋದ. ಇಪ್ಪತ್ತು ನಿಮಿಷ ಬರಲಿಲ್ಲ. ಒಂದು ಎಳನೀರಿಗೆ ಅಷ್ಟು ಹೊತ್ತು ಬೇಡ. ಲಿಗೋರಿಗೂ ಕೆಲವು ವಿಷಯ ಅರ್ಥವಾಗುತ್ತಿತ್ತು.

ಝೀಟಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕ್ಲಾರೆನ್ಸ್ ಎಲ್ಲ ಹೇಳಿದ: ಬೆಂಚು, ಶೀಟು, ಫಿಲ್ಟರು, ದ್ವಿತೀಯ ಬಹುಮಾನ. ಹೇಳುತ್ತ ಹೋದಂತೆ ಪಟ್ಟಿ ಅವನಿಗೇ ಉದ್ದವೆನಿಸಿತು.

“ಮನೆಗೆ ಅಂತ ಒಂದು ಬಕೆಟಾದರೂ?” ಎಂದಳು.

“ಬಕೆಟು ಉಂಟು. ಹಳೆಯದು.”

ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಆಮೇಲೆ ಝೀಟಾ ಕೇಳಿದಳು: “ಸೈರನ್ ಆದ ದಿನ ನೀರುಳ್ಳಿ ಕೊಚ್ಚಿದ್ದು?”

“ನಾನು.”

“ಕೈ ನಿನ್ನದೇ ಅಲ್ವಾ?”

“ಕೈ ನನ್ನದೇ,” ಎಂದ ಕ್ಲಾರೆನ್ಸ್.

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಲಿಗೋರಿ ವಾಪಸು ಬಂದು ಗಾಡಿಯನ್ನು ಉದ್ಯಾವರಕ್ಕೆ ಬಿಟ್ಟ.

ಅಂಗಳದಲ್ಲಿ ಇಳಿದವಳು ತನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ಸೂಟ್‌ಕೇಸ್ ಅಲ್ಲೇ ಬಿಟ್ಟು, ಬಾವಿಕಟ್ಟೆ ದಾಟಿ, ಬಶೀರನ ಮನೆಯ ಹಿಂಬಾಗಿಲಿಗೆ ಹೋದಳು. ಒಳಗೆ ಆಸಿಯಮ್ಮ, ಜುಮಾನಾ ಕಳ್ಳಮಾಲಿನ ಸಮೇತ ಸಿಕ್ಕಿಬಿದ್ದವರಂತೆ ಎದ್ದು ನಿಂತರು. ಹಿಂದೆ ಹಿಂದೆ ಬಂದ ಕ್ಲಾರೆನ್ಸ್ ಹೊಸ್ತಿಲಲ್ಲೇ ನಿಂತ.

ಝೀಟಾ ಸುತ್ತ ನೋಡಿದಳು. ದ್ರಾಕ್ಷಿ ಗೊಂಚಲನ್ನು ಬೆರಳಿನಿಂದ ಮುಟ್ಟಿದಳು. “ಜುಮಾನಾ, ನಾನು ಒಂದು ಟೀ ಮಾಡಲಾ?” ಎಂದಳು.

“ಮಾಡಿ ಅಕ್ಕ, ಚಹಾಪುಡಿ...”

ಹೇಳುವ ಅಗತ್ಯವಿರಲಿಲ್ಲ. ಎಡಗಡೆಯ ಎರಡನೆಯ ಡ್ರಾಯರಿನಿಂದ ಝೀಟಾ ಚಹಾಪುಡಿ ತೆಗೆದಾಗಿತ್ತು. ಚಮಚ, ಸೋಸುವ ಜರಡಿ, ಬೆಂಕಿಪೊಟ್ಟಣ, ಒಂದನ್ನೂ ಕೇಳಲಿಲ್ಲ, ಒಂದಕ್ಕೂ ತಡಕಾಡಲಿಲ್ಲ. ಇಪ್ಪತ್ತು ವರ್ಷ ಇದೇ ಅಡುಗೆಮನೆಯಲ್ಲಿ ಬೇಯಿಸಿದವಳ ಹಾಗೆ ಅವಳ ಕೈ ಓಡುತ್ತಿತ್ತು. ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಆಗ ನಿಂತಳು.

ಕಟ್ಟೆ ಅವಳ ಎದೆಮಟ್ಟಕ್ಕಿತ್ತು. ಪಾತ್ರೆಯೊಳಗೆ ನೋಡಬೇಕಾದರೆ ತುದಿಗಾಲಿನಲ್ಲಿ ನಿಂತು ಗಲ್ಲ ಎತ್ತಬೇಕಿತ್ತು. ಎತ್ತಿ ನೋಡಿದಳು. ಇಳಿದಳು. ಮತ್ತೆ ಎತ್ತಿ ನೋಡಿದಳು.

“ಇದೆಂತ ಇಷ್ಟು ಎತ್ತರ?”

ಆಸಿಯಮ್ಮ ಸೊಸೆಯ ಮುಖ ನೋಡಿದರು. ಜುಮಾನಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು, ದಮ್ಮಾಮಿನಲ್ಲಿ ಯಾರಾದರೂ ಕೇಳಿಸಿಕೊಂಡಾರೆಂಬಂತೆ.

“ಯಾರಿಗೂ ಹೇಳಬೇಡಿ ಅಕ್ಕ. ಕಟ್ಟುವಾಗ ಇವರು ವಿಡಿಯೋದಲ್ಲೇ ಮೇಸ್ತ್ರಿಗೆ ಅಳತೆ ಹೇಳಿದ್ದು. ಸೊಂಟದಷ್ಟು ಎತ್ತರ ಇರಲಿ ಅಂತ ಅಲ್ಲಿಂದ ತಮ್ಮ ಸೊಂಟ ಮುಟ್ಟಿ ತೋರಿಸಿದರು. ಕ್ಲಾರೆನ್ಸಣ್ಣನಷ್ಟೇ ಉದ್ದದ ಜನ. ನಾನು ಆಗ ಹೇಳಬೇಕಿತ್ತು, ಅಷ್ಟು ಖುಷಿಯಲ್ಲಿದ್ದರು, ಹೇಳಲಿಲ್ಲ. ಮೂರು ವರ್ಷ ಆಯಿತು. ನಮ್ಮಿಬ್ಬರಿಗೂ ಇದರಲ್ಲಿ ಒಂದು ಮೊಟ್ಟೆ ಹುರಿಯಲಿಕ್ಕೆ ಆಗುವುದಿಲ್ಲ.”

“ಗಲ್ಫಿನ ಮನೆಗೆ ಎರಡು ಅಡುಗೆಮನೆ ಅಂತ ಊರು ಹೇಳುತ್ತದೆ,” ಎಂದರು ಆಸಿಯಮ್ಮ. “ಊರಿಗೆಂತ ಗೊತ್ತು. ಈ ಕಟ್ಟೆಯಲ್ಲಿ ಇಷ್ಟರವರೆಗೆ ಸರಿಯಾಗಿ ಕೆಲಸ ಮಾಡಿದ್ದು ಕ್ಲಾರೆನ್ಸ್ ಒಬ್ಬನೇ.”

ಝೀಟಾಳ ಗಂಟಲಿನಲ್ಲಿ ಏನೋ ಸದ್ದಾಯಿತು. ಅಳು ಎಂದುಕೊಂಡು ಜುಮಾನಾ ಹತ್ತಿರ ಬಂದಳು. ಅದು ನಗು. ಸಿಂಕಿನ ಅಂಚು ಹಿಡಿದು ಅವಳು ನಕ್ಕಳು, ಆಮೇಲೆ ಜುಮಾನಾ ನಕ್ಕಳು, ಆಸಿಯಮ್ಮ ನೆಲಕ್ಕೆ ಕೂತು ಮಂಡಿ ಹಿಡಿದುಕೊಂಡು ನಕ್ಕರು. ಚಹಾ ಉಕ್ಕಿ ಗ್ರಾನೈಟಿನ ಮೇಲೆ ಹರಿಯಿತು. ಯಾರಿಗೂ ಕಾಣಲಿಲ್ಲ, ಯಾಕೆಂದರೆ ಅಷ್ಟು ಎತ್ತರಕ್ಕೆ ಯಾರ ಕಣ್ಣೂ ಎಟುಕುವಂತಿರಲಿಲ್ಲ.

ಕ್ಲಾರೆನ್ಸನಿಗೆ ಕಾಣುತ್ತಿತ್ತು. ಆದರೆ ಅವನು ಚಹಾ ನೋಡುತ್ತಿರಲಿಲ್ಲ. ನಾಲ್ಕು ವರ್ಷ ಝೀಟಾ ಅಂಗೈಯಗಲದ ಒಂದು ಮುಖವಾಗಿದ್ದಳು. ಅವನು ಅವಳನ್ನು ತನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೇ ಮಾತಾಡುತ್ತಿದ್ದ. ಅವಳು ಇಷ್ಟು ಗಿಡ್ಡ ಎಂಬುದನ್ನು ಪೂರ್ತಿ ಮರೆತಿದ್ದ.

ಮರುದಿನ ಬೆಳಿಗ್ಗೆ ಝೀಟಾ ಮಸಿ ಒಲೆಯ ಎದುರು ನಿಂತು ಗಂಡನನ್ನು ಕರೆದಳು. “ಮೇಸ್ತ್ರಿ ಹತ್ತು ಗಂಟೆಗೆ ಬರುತ್ತಾನೆ. ಹಣ ನಾನೇ ಕೊಡುತ್ತೇನೆ, ನಿನ್ನ ಕೈಗಲ್ಲ. ಟೈಲ್ಸ್ ಬೇಡ. ಎತ್ತರ ಸರಿ ಇದ್ದರೆ ಸಾಕು. ಅಳತೆ ತೆಗೆ.”

“ಝೀಟಾ, ಸಿಟ್ಟು ಉಂಟಾ?”

“ಉಂಟು. ಇಪ್ಪತ್ತೇಳು ದಿನ ಬಾಕಿ ಉಂಟಲ್ಲ, ನಿಧಾನಕ್ಕೆ ಮಾಡುತ್ತೇನೆ. ಈಗ ಅಳತೆ ತೆಗೆ.”

ಕ್ಲಾರೆನ್ಸ್ ಅವಳ ಪಕ್ಕದಲ್ಲಿ ಮಂಡಿಯೂರಿ ಕೂತ. ಹಿಮ್ಮಡಿಯ ಬಳಿ ನೆಲಕ್ಕೆ ಹೆಬ್ಬೆರಳು ಊರಿ, ಕೈ ಬಿಡಿಸಿ, ಒಂದು ಗೇಣು, ಎರಡು ಗೇಣು ಎಂದು ಮೇಲಕ್ಕೆ ಬಂದ. ನಾಲ್ಕನೆಯ ಗೇಣಿಗೆ ಅವಳ ಮೊಣಕೈ ಸಿಕ್ಕಿಬಿಟ್ಟಿತು.

“ಸರಿಯಾಗಿ ನಿಲ್ಲು, ಬಗ್ಗಬೇಡ,” ಎಂದ.

“ಬಗ್ಗಲಿಲ್ಲ ಮಾರಾಯ. ನಾನು ಇರುವುದೇ ಇಷ್ಟು.”

ಅವನು ಇನ್ನೊಮ್ಮೆ ಅಳೆದ. ನಾಲ್ಕೇ ಗೇಣು ಬಂತು. ಝೀಟಾ ಅಲುಗದೆ ನಿಂತಿದ್ದಳು. ಕ್ಲಾರೆನ್ಸ್ ಮತ್ತೆ ಹಿಮ್ಮಡಿಯಿಂದ ಶುರುಮಾಡಿದ.